ನಮ್ಮ ಬೋರ್ಡ್ ಗೇಮ್‌ನ ಪಿಡಿಎಫ್ ಎಲ್ಲೆಡೆ ಹರಿದಾಡುತ್ತಿದೆ, ಮಾರಾಟ ನಿಲ್ಲಿಸಬೇಕಾ?

ಪ್ರಶ್ನೆ: ನಾನು, ನನ್ನ ತಂಗಿ ಇಬ್ಬರೂ ಬೆಂಗಳೂರಿನ ರಾಜಾಜಿನಗರದವರು. ಕೆಲಸಕ್ಕೆ ಹೋಗಿಕೊಂಡೇ ಕನ್ನಡದಲ್ಲಿ ಒಂದು ಬೋರ್ಡ್ ಗೇಮ್ ಮಾಡಿದೆವು. ಊರಿನ ಕೆರೆಗಳನ್ನು ರಾಜಕಾಲುವೆಗಳಿಂದ ಜೋಡಿಸುತ್ತಾ ಹೋಗುವ ಆಟ, 108 ಕಾರ್ಡ್‌ಗಳಿವೆ. ಶಿವಕಾಶಿಯಲ್ಲಿ 500 ಬಾಕ್ಸ್ ಪ್ರಿಂಟ್ ಹಾಕಿಸಿದೆವು. ಒಂದಕ್ಕೆ 430 ರೂಪಾಯಿ ಬಿತ್ತು. ಚಿತ್ರ ಬರೆದವರಿಗೆ 90,000 ಕೊಟ್ಟೆವು. ಎಂಆರ್‌ಪಿ 1,299. ಮನೆಯಲ್ಲೇ ಪ್ರಿಂಟ್ ಮಾಡಿ ಆಡುವವರಿಗೆ ಅಂತ 249 ರೂಪಾಯಿಗೆ ಪಿಡಿಎಫ್ ಕೂಡ ಇಟ್ಟೆವು. ಒಂದು ವರ್ಷದಲ್ಲಿ 340 ಬಾಕ್ಸ್ ಹೋಗಿವೆ. ಈಗ ಆ ಪಿಡಿಎಫ್ ಒಂದು ಮೆಸೇಜಿಂಗ್ ಆ್ಯಪ್‌ನ ಗುಂಪಿನಲ್ಲಿ ಸಾವಿರಾರು ಜನರಿಗೆ ಪುಕ್ಕಟೆ ಸಿಗುತ್ತಿದೆ. ಒಂದು ಕೆಫೆಯಲ್ಲಿ ಅದರ ಜೆರಾಕ್ಸ್ ಇಟ್ಟುಕೊಂಡು ಗಂಟೆಗಿಷ್ಟು ಅಂತ ಆಡಿಸುತ್ತಿದ್ದಾರೆ. ಕಳೆದ ತಿಂಗಳು ಯಾರೋ ಆನ್‌ಲೈನ್‌ನಲ್ಲಿ ನಮ್ಮದೇ ಬಾಕ್ಸ್‌ನ ಫೋಟೋ ಹಾಕಿ 699ಕ್ಕೆ ಮಾರುತ್ತಿರುವುದು ಕಂಡಿತು. ಹುಬ್ಬಳ್ಳಿ ಕಡೆಯ ಒಂದು ತಂಡ ನಮ್ಮ ನಿಯಮಗಳನ್ನೇ ಹೋಲುವ ಬೇರೆ ಆಟ ತಂದಿದೆ. ಪಿಡಿಎಫ್ ನಿಲ್ಲಿಸಿಬಿಡೋಣವಾ? ಪೊಲೀಸರ ಹತ್ತಿರ ಹೋಗೋಣವಾ? ಒಬ್ಬ ಗೆಳೆಯ ಗೂಂಡಾ ಕಾಯ್ದೆ ಹಾಕಿಸಬಹುದು ಅಂತಾನೆ. ಇನ್ನೊಬ್ಬ, ಇದೆಲ್ಲಾ ಪುಕ್ಕಟೆ ಪ್ರಚಾರ, ಸುಮ್ನೆ ಬಿಡು ಅಂತಾನೆ. ಒಂದು ಮಾತು ಮುಚ್ಚಿಡಬಾರದು. ಕಾಲೇಜಿನಲ್ಲಿ ನಾವೂ ವಿದೇಶಿ ಆಟಗಳ ಪಿಡಿಎಫ್‌ಗಳನ್ನು ಹೀಗೇ ಇಳಿಸಿಕೊಂಡು ಆಡಿದವರು. ದೂರು ಕೊಡುವ ಹಕ್ಕು ನಮಗಿದೆಯಾ?

ಉತ್ತರ: ಚಿಕ್ಕ ಪ್ರಕಾಶಕರಿಗೆ, ಆಟ ಮಾಡುವವರಿಗೆ ಕಾಪಿರೈಟ್ ಮತ್ತು ಟ್ರೇಡ್‌ಮಾರ್ಕ್ ಕೆಲಸ ಮಾಡಿಕೊಡುವುದು ನನ್ನ ವೃತ್ತಿ. ಇಂಥ ಪತ್ರಗಳು ನನಗೆ ಹೊಸದಲ್ಲ. ನಿಮ್ಮ ಆತಂಕ ಇಷ್ಟು: ದುಡಿದು, ಉಳಿತಾಯ ಹಾಕಿ ಮಾಡಿದ್ದು ಕೈತಪ್ಪಿ ಹೋಗುತ್ತಿದೆ. ತಡೆಯಲು ಹೋದರೆ ಇರುವ ಗಿರಾಕಿಗಳೂ ದೂರವಾಗಬಹುದು. ಸುಮ್ಮನಿದ್ದರೆ ಎರಡನೇ ಮುದ್ರಣವೇ ಆಗದಿರಬಹುದು. ಈ ಆತಂಕ ನಿಜವಾದದ್ದು. ಆದರೆ ನೀವು ನಾಲ್ಕು ಬೇರೆ ಬೇರೆ ಸಂಗತಿಗಳನ್ನು ಪೈರಸಿ ಅಂತ ಒಂದೇ ಗಂಟಿಗೆ ಕಟ್ಟಿದ್ದೀರಿ. ಗಂಟು ಬಿಚ್ಚಿದರೆ ಎಲ್ಲಿ ದುಡ್ಡು, ಸಮಯ ಹಾಕಬೇಕು ಅನ್ನುವುದು ಸ್ಪಷ್ಟವಾಗುತ್ತದೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಪಿಡಿಎಫ್ ನಿಲ್ಲಿಸಬೇಡಿ, ಅದನ್ನು ಬದಲಾಯಿಸಿ. ಕೆಫೆಯವರ ಜೊತೆ ಕೂತು ಮಾತಾಡಿ. ಹುಬ್ಬಳ್ಳಿಯವರನ್ನು ಬಿಟ್ಟುಬಿಡಿ. ನಿಮ್ಮ ಶಕ್ತಿಯನ್ನೆಲ್ಲ 699 ರೂಪಾಯಿಯ ಆ ಬಾಕ್ಸ್ ಮೇಲೆ ಹಾಕಿ.

ಯಾಕೆ ಅಂತ ತಿಳಿಯಲು ನಿಮ್ಮದೇ ಅಂಕಿಗಳನ್ನು ಬಿಡಿಸೋಣ. ಅಂಗಡಿಯವರಿಗೆ ಎಂಆರ್‌ಪಿಯ ಮೇಲೆ ಶೇ 40 ಹೋಗುತ್ತದೆ ಅಂತಿಟ್ಟುಕೊಳ್ಳಿ. ನಿಮ್ಮ ಕೈಗೆ ಸುಮಾರು 780 ರೂಪಾಯಿ. ಅದರೊಳಗೆ ಜಿಎಸ್‌ಟಿ ಇದೆ. 2025ರ ಸೆಪ್ಟೆಂಬರ್ 22ರಿಂದ ಬೋರ್ಡ್ ಗೇಮ್‌ಗಳ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿದಿರುವುದು ಒಳ್ಳೆಯದಾಯಿತು. ತೆರಿಗೆ ಕಳೆದರೆ 743. ಸಾಗಣೆ, ಪ್ಯಾಕಿಂಗ್, ಮೂಲೆ ಜಜ್ಜಿ ವಾಪಸ್ ಬರುವ ಬಾಕ್ಸ್‌ಗಳಿಗೆ ಅಂತ 50 ತೆಗೆದಿಡಿ. ಉಳಿಯುವುದು 693. ನೀವು ಹಾಕಿದ ಬಂಡವಾಳ ಪ್ರಿಂಟಿಂಗ್‌ಗೆ 2,15,000, ಚಿತ್ರಗಳಿಗೆ 90,000, ಒಟ್ಟು 3,05,000. ಇದನ್ನು 693ರಿಂದ ಭಾಗಿಸಿದರೆ 440 ದಾಟುತ್ತದೆ. ಅಂದರೆ 440 ಬಾಕ್ಸ್‌ವರೆಗೆ ನಿಮ್ಮ ದುಡ್ಡು ನಿಮಗೇ ವಾಪಸ್ ಬರುತ್ತಿದೆ, ಅಷ್ಟೇ. ಲಾಭ ಇರುವುದು ಕೊನೆಯ 60 ಬಾಕ್ಸ್‌ಗಳಲ್ಲಿ. ಐನೂರೂ ಖಾಲಿಯಾದರೆ 41,500 ರೂಪಾಯಿ. 350ಕ್ಕೆ ನಿಂತರೆ 62,000ಕ್ಕೂ ಜಾಸ್ತಿ ನಷ್ಟ.

ಟೇಬಲ್‌ಟಾಪ್ ಆಟಗಳಿಗೆ, ಅಂದರೆ ಮೇಜಿನ ಸುತ್ತ ಕೂತು ಆಡುವ ಆಟಗಳಿಗೆ, ಪೈರಸಿಯ ಹೊಡೆತ ಬೀಳುವುದು ಈ ಜಾಗದಲ್ಲೇ. ಮೊದಲ 200 ಪ್ರತಿಗಳನ್ನು ನಿಮ್ಮ ಗೆಳೆಯರು, ಕನ್ನಡದ ಆಟ ಅಂತ ಹುಡುಕಿಕೊಂಡು ಬಂದವರು, ವಾರಾಂತ್ಯದ ಆಟದ ಕೂಟಗಳಿಗೆ ಬರುವವರು ತೆಗೆದುಕೊಳ್ಳುತ್ತಾರೆ. ಅವರು ನಕಲಿಗೆ ಹೋಗುವವರಲ್ಲ. ನಿಮ್ಮ ಪರಿಚಯವೇ ಇಲ್ಲದ, ಮಕ್ಕಳ ರಜೆಗೆ ಏನಾದರೂ ಕೊಡಿಸೋಣ ಅಂತ ಮೊಬೈಲಿನಲ್ಲಿ ಹುಡುಕುವ ಮನೆಯವರು ಬರುವುದು ಆಮೇಲೆ. ಅವರ ಮುಂದೆ 1,299ರ ಬಾಕ್ಸ್, 699ರ ಬಾಕ್ಸ್ ಎರಡೂ ಅಕ್ಕಪಕ್ಕ ಕಂಡರೆ ಯಾವುದು ತೆಗೆದುಕೊಳ್ಳುತ್ತಾರೆ? ನಕಲಿ ತಿನ್ನುವುದು ಆ ಕೊನೆಯ 60ನ್ನೇ. ಎರಡನೇ ಮುದ್ರಣದ ಮುಂಗಡ, ಎರಡನೇ ಆಟದ ಚಿತ್ರಗಳ ಸಂಭಾವನೆ ಎಲ್ಲ ಇರುವುದೂ ಅದರಲ್ಲೇ. ಒಳ್ಳೆಯ ಮೊದಲ ಆಟ ಮಾಡಿ, ಎರಡನೆಯದನ್ನು ಮಾಡಲಾಗದೆ ನಿಂತುಹೋದವರನ್ನು ನನ್ನ ಕೆಲಸದಲ್ಲಿ ನೋಡಿದ್ದೇನೆ. ಅದು ನನಗೆ ತುಂಬಾ ಬೇಸರ ತರುವ ಸಂಗತಿ.

ಈಗ ಪಿಡಿಎಫ್ ವಿಷಯ. ಸಾವಿರಾರು ಡೌನ್‌ಲೋಡ್ ಅಂದರೆ ಸಾವಿರಾರು ಬಾಕ್ಸ್ ನಷ್ಟ ಅಂತ ಲೆಕ್ಕ ಹಾಕಬೇಡಿ. ಸಿನಿಮಾ ಫೈಲ್ ಇಳಿಸಿಕೊಂಡವನು ಒತ್ತಿದರೆ ಸಾಕು, ನೋಡಬಹುದು. ನಿಮ್ಮ ಆಟದ ಫೈಲ್ ಇಳಿಸಿಕೊಂಡವನ ಕೆಲಸ ಆಗಷ್ಟೇ ಶುರು. ಒಂದು ಎ4 ಹಾಳೆಗೆ 9 ಕಾರ್ಡ್ ಅಂದರೂ 108 ಕಾರ್ಡ್‌ಗೆ 12 ಹಾಳೆ, ಎರಡೂ ಬದಿ ಕಲರ್ ಪ್ರಿಂಟ್. ಸಾಮಾನ್ಯ ಕಾಗದ ನಡೆಯುವುದಿಲ್ಲ, ದಪ್ಪ ಹಾಳೆ ಬೇಕು. ಆಮೇಲೆ ಕತ್ತರಿಸಬೇಕು, ಕಾರ್ಡ್‌ಗಳಿಗೆ ಪ್ಲಾಸ್ಟಿಕ್ ಸ್ಲೀವ್ ಹಾಕಬೇಕು, ಟೋಕನ್‌ಗೆ ಗುಂಡಿಯನ್ನೋ ಹುಣಸೆಬೀಜವನ್ನೋ ಹುಡುಕಬೇಕು. ಕೊನೆಗೆ ಇನ್ನೂ ಮೂರು ಜನರನ್ನು ಕೂರಿಸಬೇಕು. ಇಳಿಸಿಕೊಂಡವರಲ್ಲಿ ಬಹಳಷ್ಟು ಜನ ಅಲ್ಲಿಯವರೆಗೆ ಹೋಗುವುದೇ ಇಲ್ಲ. ಫೈಲ್ ಫೋನಿನಲ್ಲೇ ಉಳಿಯುತ್ತದೆ.

ಒಂದು ಎಚ್ಚರಿಕೆ. ಈ ಮಾತು ಬೋರ್ಡ್ ಗೇಮ್‌ಗೆ ಸರಿ. ಕಥೆ ಹೆಣೆಯುತ್ತಾ ಆಡುವ ರೋಲ್‌ಪ್ಲೇಯಿಂಗ್ ಆಟಗಳಿಗೆ ಅಷ್ಟಾಗಿ ಸಲ್ಲುವುದಿಲ್ಲ. ಅಲ್ಲಿ ಆಟ ಅಂದರೆ ಪುಸ್ತಕವೇ. ಪಿಡಿಎಫ್ ಸಿಕ್ಕರೆ ಪೂರ್ತಿ ಆಟ ಸಿಕ್ಕ ಹಾಗೆ. ದಾಳ ಒಂದು ಇದ್ದರೆ ಆಯಿತು. ಮುಂದೆ ಅಂಥದ್ದು ಮಾಡುವ ಯೋಚನೆ ಇದ್ದರೆ ಇದು ನೆನಪಿರಲಿ.

ಸಂಶೋಧನೆಗಳೂ ಒಂದೇ ದನಿಯಲ್ಲಿ ಮಾತಾಡುವುದಿಲ್ಲ. ಯುರೋಪಿಯನ್ ಕಮಿಷನ್ ಮಾಡಿಸಿ, 2017ರಲ್ಲಿ ಹೊರಬಂದ ದೊಡ್ಡ ಅಧ್ಯಯನವೊಂದಿದೆ. ಹೊಸ ದೊಡ್ಡ ಸಿನಿಮಾಗಳನ್ನು ಬಿಟ್ಟರೆ ಪುಸ್ತಕ, ಸಂಗೀತ, ವಿಡಿಯೊ ಗೇಮ್‌ಗಳಲ್ಲಿ ಪೈರಸಿ ಮಾರಾಟ ಇಳಿಸುತ್ತದೆ ಅನ್ನುವುದಕ್ಕೆ ಗಟ್ಟಿ ಅಂಕಿಅಂಶದ ಪುರಾವೆ ಅದಕ್ಕೆ ಸಿಗಲಿಲ್ಲ. ಪರಿಣಾಮವೇ ಇಲ್ಲ ಅಂತ ಅದರ ಅರ್ಥವಲ್ಲ, ಅಳೆಯಲು ಆಗಲಿಲ್ಲ ಅಂತ. ಅಮೆರಿಕದ ಪುಸ್ತಕೋದ್ಯಮದ ಬಗ್ಗೆ 2016ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಕದ್ದ ಪ್ರತಿಗಳನ್ನು ತೆಗೆಸಿದ ಮೇಲೆ ಇ-ಪುಸ್ತಕಗಳ ಮಾರಾಟ ಶೇ 14ರಷ್ಟು ಏರಿತು. ಅಚ್ಚಾದ ಪುಸ್ತಕಗಳ ಮಾರಾಟದಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಎರಡೂ ಟೇಬಲ್‌ಟಾಪ್ ಆಟಗಳ ಮೇಲೆ ಮಾಡಿದ್ದಲ್ಲ. ಆದರೆ ಎರಡನೆಯದು ನನ್ನ ಅನುಭವಕ್ಕೆ ಹತ್ತಿರ. ಕದ್ದ ಪಿಡಿಎಫ್ ಹೊಡೆಯುವುದು ನಿಮ್ಮ 249 ರೂಪಾಯಿಯ ಪಿಡಿಎಫ್‌ಗೆ. ಬಾಕ್ಸ್‌ಗೆ ಹೊಡೆತ ಕೊಡುವುದು ನಕಲಿ ಬಾಕ್ಸ್.

ಹಾಗಾದರೆ ಪುಕ್ಕಟೆ ಪ್ರಚಾರ ಅನ್ನುವ ನಿಮ್ಮ ಗೆಳೆಯ ಸರಿಯಾ? ಅರ್ಧ ಸರಿ. 2009ರಲ್ಲಿ ಬಂದ ಎಕ್ಲಿಪ್ಸ್ ಫೇಸ್ ಎಂಬ ರೋಲ್‌ಪ್ಲೇಯಿಂಗ್ ಆಟವನ್ನು ಅದರ ತಯಾರಕರು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ, ಅಂದರೆ ಕೆಲವು ಷರತ್ತುಗಳೊಂದಿಗೆ ಯಾರು ಬೇಕಾದರೂ ಹಂಚಬಹುದು ಅಂತ, ಬಿಟ್ಟರು. ಜನ ಫೈಲ್ ಹಂಚಿಕೊಳ್ಳುವ ಟೊರೆಂಟ್ ಜಾಲಕ್ಕೆ ತಾವೇ ಹಾಕಿದರು. ಓದಿದವರು ಇಷ್ಟಪಟ್ಟು ಪುಸ್ತಕ ಕೊಂಡರು. ಫೇಟ್ ಕೋರ್ ಎಂಬ ಇನ್ನೊಂದು ಆಟದ ಪಿಡಿಎಫ್ 2013ರಿಂದ ಮನಸ್ಸಿಗೆ ಬಂದಷ್ಟು ಕೊಡಿ ಅನ್ನುವ ರೀತಿಯಲ್ಲಿ ಸಿಗುತ್ತಿದೆ. ಆದರೆ ಇಲ್ಲೆಲ್ಲ ಕೊಟ್ಟವರು ಮಾಡಿದವರೇ. ಏನು ಪುಕ್ಕಟೆ, ಏನಕ್ಕೆ ದುಡ್ಡು ಅಂತ ಅವರೇ ತೀರ್ಮಾನ ಮಾಡಿ, ಅದಕ್ಕೆ ತಕ್ಕ ಹಾಗೆ ಪುಸ್ತಕದ ಬೆಲೆ, ಮುದ್ರಣದ ಪ್ರಮಾಣ ಇಟ್ಟುಕೊಂಡಿದ್ದರು. ನಿಮ್ಮ ಆಟವನ್ನು ಯಾರೋ ಹಂಚಿ, ಅದಕ್ಕೆ ಪ್ರಚಾರ ಅಂತ ಹೆಸರಿಟ್ಟರೆ ಅದು ಬೇರೆ ಮಾತು. ಕಲಾವಿದರ ಹೆಸರಿರುವ ಪುಟವನ್ನೇ ಕಿತ್ತು ಹಂಚಿದ ಫೈಲ್‌ಗಳನ್ನು ನೋಡಿದ್ದೇನೆ. ಅದರಿಂದ ಯಾರಿಗೆ ಪ್ರಚಾರ ಸಿಗುತ್ತದೆ?

ಪಿಡಿಎಫ್ ನಿಲ್ಲಿಸಿದರೆ ಏನಾಗುತ್ತದೆ ಅನ್ನುವುದಕ್ಕೂ ದೊಡ್ಡ ಉದಾಹರಣೆ ಇದೆ. ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಎಂಬ ರೋಲ್‌ಪ್ಲೇಯಿಂಗ್ ಆಟ ಪ್ರಕಟಿಸುವ ವಿಝರ್ಡ್ಸ್ ಆಫ್ ದ ಕೋಸ್ಟ್ ಕಂಪನಿ 2009ರ ಏಪ್ರಿಲ್‌ನಲ್ಲಿ ಹೊಸ ಪುಸ್ತಕವೊಂದನ್ನು ಆನ್‌ಲೈನ್‌ಗೆ ಹಾಕಿದವರ ಮೇಲೆ ಕೇಸು ಹಾಕಿತು. ಅದರ ಜೊತೆಗೇ ತನ್ನ ಎಲ್ಲ ಪಿಡಿಎಫ್‌ಗಳ ಮಾರಾಟವನ್ನೂ ನಿಲ್ಲಿಸಿತು, ದಶಕಗಳ ಹಿಂದಿನ ಪುಸ್ತಕಗಳನ್ನೂ ಸೇರಿಸಿ. ಕದ್ದ ಪ್ರತಿಗಳು ನಿಲ್ಲಲಿಲ್ಲ. ದುಡ್ಡು ಕೊಟ್ಟು ತೆಗೆದುಕೊಳ್ಳುತ್ತೇನೆ ಅನ್ನುವವನಿಗೆ ಮಾತ್ರ ದಾರಿ ಮುಚ್ಚಿತು. 2013ರ ಜನವರಿಯಲ್ಲಿ ಕಂಪನಿ ಹಳೆಯ ಪುಸ್ತಕಗಳ ಪಿಡಿಎಫ್ ಮಾರಾಟವನ್ನು ಮತ್ತೆ ಶುರು ಮಾಡಿತು. ಇತ್ತ 2009ರಲ್ಲೇ ಪೈಝೊ ಎಂಬ ಕಂಪನಿ ತನ್ನ ಪಾಥ್‌ಫೈಂಡರ್ ಆಟದ ದಪ್ಪ ಮುಖ್ಯ ಪುಸ್ತಕದ ಪಿಡಿಎಫ್ ಅನ್ನು ಹತ್ತು ಡಾಲರ್‌ಗೆ ಮಾರತೊಡಗಿತು. ಪ್ರತಿ ಪುಟದಲ್ಲೂ ಕೊಂಡವರ ಹೆಸರು ಅಚ್ಚಾಗಿರುತ್ತದೆ, ಅಷ್ಟೇ. ಬೇರೆ ಬೀಗ ಇಲ್ಲ. ನಾನು ಯಾರಿಗೇ ಸಲಹೆ ಕೊಟ್ಟರೂ ಈ ಎರಡನೇ ದಾರಿಯನ್ನೇ ಹೇಳುತ್ತೇನೆ.

ನಿಮ್ಮ ಕಾಲೇಜಿನ ದಿನಗಳ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಆಗ ನೀವು ಯಾಕೆ ಇಳಿಸಿಕೊಂಡಿರಿ? ಪುಸ್ತಕಕ್ಕೆ 50 ಡಾಲರ್, ಮೇಲೆ ಸಾಗಣೆ, ಸುಂಕ. ಕೆಲವಕ್ಕೆ ದುಡ್ಡು ಕೊಟ್ಟು ಕೊಳ್ಳುವ ಪಿಡಿಎಫ್ ಇರಲೇ ಇಲ್ಲ. ಆಸೆ ಇತ್ತು, ಕೈಗೆಟುಕುವ ದಾರಿ ಇರಲಿಲ್ಲ. ಇದು ಸಮರ್ಥನೆ ಅಲ್ಲ, ಕಾರಣ. ಈಗ ನಿಮ್ಮ ಆಟ ಇಳಿಸಿಕೊಳ್ಳುವವರಲ್ಲೂ ಒಂದು ಪಾಲು ಇಂಥವರೇ. ಕಾನೂನಿನ ಪ್ರಕಾರ ನಿಮ್ಮ ಹಕ್ಕು ನಿಮ್ಮದೇ. ಹಿಂದೆ ನೀವು ಮಾಡಿದ್ದಕ್ಕೆ ಅದು ಕರಗುವುದಿಲ್ಲ, ಧೈರ್ಯವಾಗಿ ದೂರು ಕೊಡಿ. ಆ ಹಳೆಯ ಫೈಲ್‌ಗಳನ್ನು ಅಳಿಸಿ. ಈಗ ಪುಕ್ಕಟೆಯಾಗಿ, ನ್ಯಾಯವಾಗಿ ಸಿಗುವುದೇ ಬೇಕಾದಷ್ಟಿದೆ. ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್‌ನ ಮೂಲ ನಿಯಮಗಳ 400ಕ್ಕೂ ಜಾಸ್ತಿ ಪುಟಗಳು 2023ರ ಜನವರಿಯಿಂದ ಕ್ರಿಯೇಟಿವ್ ಕಾಮನ್ಸ್‌ನಲ್ಲಿವೆ. ಪಾಥ್‌ಫೈಂಡರ್‌ನ ನಿಯಮಗಳನ್ನು ಆರ್ಕೈವ್ಸ್ ಆಫ್ ನೆಥಿಸ್ ಎಂಬ ಜಾಲತಾಣದಲ್ಲಿ ಕಂಪನಿಯ ಒಪ್ಪಿಗೆಯಿಂದಲೇ ಓದಬಹುದು.

ಈಗ ಪಿಡಿಎಫ್ ಬದಲಾಯಿಸುವುದು ಹೇಗೆ ಅಂತ ನೋಡೋಣ. ಇದನ್ನು ಸ್ವಲ್ಪ ಗಮನ ಕೊಟ್ಟು ಓದಿ. ನಿಮ್ಮ ಈಗಿನ ಫೈಲ್‌ನಲ್ಲಿ ಪ್ರೆಸ್‌ಗೆ ಕೊಟ್ಟ ಅದೇ ಗುಣಮಟ್ಟದ ಕಾರ್ಡ್‌ಗಳು, ಬಾಕ್ಸ್‌ನ ಮುಖಚಿತ್ರ ಎಲ್ಲ ಇವೆಯಾ? ಇದ್ದರೆ ನಕಲಿ ಬಾಕ್ಸ್ ಮಾಡುವವನಿಗೆ ಬೇಕಾದ್ದೆಲ್ಲ 249 ರೂಪಾಯಿಗೆ ನೀವೇ ಕೊಟ್ಟಿದ್ದೀರಿ. ಹಂಚಿಹೋದ ಪಿಡಿಎಫ್‌ಗೂ ನಕಲಿ ಬಾಕ್ಸ್‌ಗೂ ನಂಟು ಇರುವುದು ಇಲ್ಲಿ. ಹಾಗಾಗಿ ಬಾಕ್ಸ್‌ನ ಚಿತ್ರ ತೆಗೆಯಿರಿ. ಕಾರ್ಡ್‌ಗಳಿಗೆ ಗೆರೆಚಿತ್ರದ, ಬಣ್ಣ ಕಡಿಮೆ ಇರುವ ಇನ್ನೊಂದು ರೂಪ ಮಾಡಿಸಿ. ಮನೆಯಲ್ಲಿ ಪ್ರಿಂಟ್ ಮಾಡುವವರಿಗೆ ಇದರಿಂದ ಇಂಕ್ ಉಳಿಯುತ್ತದೆ, ಅವರೇ ಥ್ಯಾಂಕ್ಸ್ ಹೇಳುತ್ತಾರೆ. ನಿಯಮಪುಸ್ತಕವನ್ನು ಪೂರ್ತಿ ಪುಕ್ಕಟೆ ಬಿಡಿ. ಕೊಳ್ಳುವ ಮುಂಚೆ ನಿಯಮ ಓದುವವರು ಜಾಸ್ತಿ, ಅವರನ್ನು ತಡೆಯುವುದು ಬೇಡ. ಪ್ರತಿ ಪುಟದ ಕೆಳಗೆ ಕೊಂಡವರ ಹೆಸರು, ಆರ್ಡರ್ ನಂಬರ್ ಬರಲಿ. ಫೋನ್ ನಂಬರ್, ವಿಳಾಸ ಹಾಕಬೇಡಿ. ಫೈಲ್ ಕಳವಾದರೆ ಅವರ ವಿವರ ಊರೆಲ್ಲ ಸುತ್ತುತ್ತದೆ. ಪಾಸ್‌ವರ್ಡ್, ಮೂರೇ ಸಲ ತೆರೆಯಬಹುದು ಅನ್ನುವಂಥ ಬೀಗಗಳೂ ಬೇಡ. ಬೀಗ ಒಡೆಯುವವನು ಒಂದು ಸಂಜೆಯಲ್ಲಿ ಒಡೆಯುತ್ತಾನೆ. ದುಡ್ಡು ಕೊಟ್ಟವನು ಜೆರಾಕ್ಸ್ ಅಂಗಡಿಯಲ್ಲಿ ಫೈಲ್ ತೆರೆಯದೆ ಒದ್ದಾಡುತ್ತಾನೆ.

ಕಾನೂನಿನ ಒಂದು ಸೂಕ್ಷ್ಮ ಇಲ್ಲಿದೆ. ಕೃತಿಯ ಹೆಸರು, ಕರ್ತೃವಿನ ಹೆಸರು, ಹಕ್ಕುದಾರರ ವಿವರ ಇವನ್ನು ಗೊತ್ತಿದ್ದೂ ಅಳಿಸುವುದು ಕಾಪಿರೈಟ್ ಕಾಯ್ದೆಯ 65ಬಿ ಸೆಕ್ಷನ್ ಪ್ರಕಾರ ಅಪರಾಧ, ಎರಡು ವರ್ಷದವರೆಗೆ ಜೈಲು. ಆದರೆ ಬಳಸುವವರನ್ನು ಗುರುತಿಸುವ ಗುರುತುಗಳು ಈ ರಕ್ಷಣೆಯೊಳಗೆ ಬರುವುದಿಲ್ಲ. ಅದಕ್ಕೇ ಕೊಂಡವರ ಹೆಸರಿನ ಜೊತೆ ನಿಮ್ಮಿಬ್ಬರ ಹೆಸರು, ಕಲಾವಿದರ ಹೆಸರು, ವರ್ಷ ಪ್ರತಿ ಪುಟದಲ್ಲೂ ಇರಲಿ.

ಗುಂಪಿನಲ್ಲಿ ಹರಿದಾಡುತ್ತಿರುವ ಫೈಲ್‌ಗೆ ಒಂದು ಲಿಖಿತ ದೂರು ಸಾಕು. 2013ರ ಕಾಪಿರೈಟ್ ನಿಯಮಗಳ 75ನೇ ನಿಯಮದ ಪ್ರಕಾರ, ದೂರು ಸರಿಯಿದ್ದರೆ ಸಂಬಂಧಪಟ್ಟ ಸಂಸ್ಥೆ 36 ಗಂಟೆಯೊಳಗೆ ಆ ಕೊಂಡಿಯನ್ನು 21 ದಿನ ತಡೆಹಿಡಿಯಬೇಕು. ಅಷ್ಟರಲ್ಲಿ ಕೋರ್ಟ್ ಆದೇಶ ತಂದುಕೊಡದಿದ್ದರೆ ಅದು ಮತ್ತೆ ತೆರೆಯಬಹುದು. ಗುಂಪು ನಡೆಸುವವರು ಯಾರು ಅಂತ ತಿಳಿಯುವ ದಾರಿಯೂ ಇದೆ. ದೆಹಲಿಯ ಕೋಚಿಂಗ್ ಶಿಕ್ಷಕಿಯೊಬ್ಬರ ಪಾಠಗಳನ್ನು ಹಂಚುತ್ತಿದ್ದ ಚಾನೆಲ್‌ಗಳ ವಿವರ ಕೊಡುವಂತೆ 2022ರಲ್ಲಿ ದೆಹಲಿ ಹೈಕೋರ್ಟ್ ಟೆಲಿಗ್ರಾಂಗೆ ಆದೇಶಿಸಿತ್ತು. ಆದರೆ ನಿಮ್ಮ 249 ರೂಪಾಯಿಯ ಫೈಲ್‌ಗೆ ಅಷ್ಟು ದೂರ ಹೋಗುವುದು ಲಾಭದ ಕೆಲಸವಲ್ಲ. ತಿಂಗಳಿಗೊಮ್ಮೆ ಹುಡುಕಿ, ದೂರು ಕೊಟ್ಟು ತೆಗೆಸಿ, ನಿಮ್ಮ ಕೆಲಸ ನೋಡಿಕೊಳ್ಳಿ. ಹಂಚಿದ ವಿದ್ಯಾರ್ಥಿಯ ಹೆಸರನ್ನು ಎಲ್ಲರೆದುರು ಹಾಕಿ ಛೀಮಾರಿ ಹಾಕುವ ಕೆಲಸ ಮಾತ್ರ ಮಾಡಬೇಡಿ. ಬೆಂಗಳೂರಿನಲ್ಲಿ ಆಟ ಆಡುವವರ ಬಳಗ ಚಿಕ್ಕದು. ಇವತ್ತು ಇಳಿಸಿಕೊಂಡವರು ನಾಳೆ ಸಂಬಳ ಬಂದಾಗ ಬಾಕ್ಸ್ ಕೊಳ್ಳಬಹುದು, ನೀವೇ ಅದಕ್ಕೆ ಸಾಕ್ಷಿ.

ಕೆಫೆಯ ವಿಷಯದಲ್ಲಿ ಜನರಿಗೆ ಗೊಂದಲ ಜಾಸ್ತಿ. ಕೆಫೆಯವರು ನಿಮ್ಮ ಅಸಲಿ ಬಾಕ್ಸ್ ಕೊಂಡು, ಗಂಟೆಗಿಷ್ಟು ಅಂತ ತಗೊಂಡು ಆಡಿಸಿದರೆ ತಪ್ಪಿಲ್ಲ. ನಮ್ಮ ಕಾಪಿರೈಟ್ ಕಾಯ್ದೆಯಲ್ಲಿ ಬಾಡಿಗೆಗೆ ಕೊಡುವುದನ್ನು ತಡೆಯುವ ಹಕ್ಕು ಸಿನಿಮಾ, ಧ್ವನಿಮುದ್ರಣ, ಕಂಪ್ಯೂಟರ್ ಪ್ರೋಗ್ರಾಂಗಳಿಗಿದೆ. ಅಚ್ಚಾದ ಆಟಕ್ಕೆ ಇಲ್ಲ. ಜೆರಾಕ್ಸ್ ಪ್ರತಿ ಇಟ್ಟು ವ್ಯಾಪಾರ ಮಾಡುವುದು ಮಾತ್ರ ಉಲ್ಲಂಘನೆ. ವಿದ್ಯಾರ್ಥಿಗಳಿಗೆ ಪುಸ್ತಕಗಳ ಭಾಗಗಳನ್ನು ಜೆರಾಕ್ಸ್ ಮಾಡಿ ಕೊಡುತ್ತಿದ್ದ ದೆಹಲಿ ವಿಶ್ವವಿದ್ಯಾಲಯದ ಕೇಸಿನಲ್ಲಿ 2016ರಲ್ಲಿ ವಿದ್ಯಾರ್ಥಿಗಳ ಪರ ತೀರ್ಪು ಬಂತಲ್ಲ ಅಂತ ಕೆಲವರು ವಾದಿಸುತ್ತಾರೆ. ಅದು ಪಾಠದ ಬಳಕೆಗೆ ಸಂಬಂಧಿಸಿದ್ದು, ಕೆಫೆಗೆ ಅನ್ವಯಿಸುವುದಿಲ್ಲ. ಸ್ವಂತಕ್ಕೆ ಅಂತ ಕಾಯ್ದೆ ಕೊಡುವ ವಿನಾಯಿತಿಯೂ ವ್ಯಾಪಾರಕ್ಕೆ ಸಿಗುವುದಿಲ್ಲ. ಇಷ್ಟಾದರೂ ನೋಟಿಸ್ ಕಳಿಸಬೇಡಿ. ಮಧ್ಯಾಹ್ನ ಕೆಫೆ ಖಾಲಿ ಇರುವ ಹೊತ್ತಿಗೆ ಹೋಗಿ, ಮಾಲೀಕರನ್ನು ಕಂಡು, ಇದು ನಾವು ಮಾಡಿದ ಆಟ ಅಂತ ಹೇಳಿ. ಜೆರಾಕ್ಸ್ ತೆಗೆಸಿ, ಅಂಗಡಿಯವರಿಗೆ ಕೊಡುವ ದರಕ್ಕೇ ಒಂದು ಬಾಕ್ಸ್ ಕೊಡಿ. ಕೆಫೆಯಲ್ಲಿ ಕಾರ್ಡ್‌ಗಳು ಬೇಗ ಸವೆಯುತ್ತವೆ, ಕಾಫಿ ಬೀಳುತ್ತದೆ. ಹರಿದ ಕಾರ್ಡ್‌ಗೆ ಬದಲಿ ಕೊಡುತ್ತೇವೆ ಅಂದರೆ ಅವರಿಗೆ ಅದೇ ದೊಡ್ಡ ಅನುಕೂಲ. ಅಲ್ಲಿ ಆಡಿದವರು ಎಲ್ಲಿ ಸಿಗುತ್ತದೆ ಅಂತ ಕೇಳುತ್ತಾರೆ. ಪಕ್ಕದ ಕಪಾಟಿನಲ್ಲಿ ಮಾರಾಟಕ್ಕೆ ನಿಮ್ಮ ಎರಡು ಬಾಕ್ಸ್ ಇರಲಿ. ಒಪ್ಪದೆ ಜೆರಾಕ್ಸ್ ಮುಂದುವರಿಸಿದರೆ ಆಗ ನೋಟಿಸ್.

ಹುಬ್ಬಳ್ಳಿಯ ತಂಡದ ಮೇಲೆ ಕೈ ಇಡಬೇಡಿ. ಆಟದ ನಿಯಮ, ಆಡುವ ವಿಧಾನ ಯಾರ ಸ್ವತ್ತೂ ಅಲ್ಲ. ಪೇಟೆಂಟ್ ಕಾಯ್ದೆಯ 3(ಎಂ) ಸೆಕ್ಷನ್ ಆಟ ಆಡುವ ವಿಧಾನಕ್ಕೆ ಪೇಟೆಂಟ್ ಇಲ್ಲ ಅಂತ ನೇರವಾಗಿ ಹೇಳುತ್ತದೆ. ಕಾಪಿರೈಟ್ ಇರುವುದು ನೀವು ಬರೆದ ನಿಯಮಪುಸ್ತಕದ ವಾಕ್ಯಗಳಿಗೆ, ಚಿತ್ರಗಳಿಗೆ. ಕೋಲ್ಕತ್ತಾದ ಇಬ್ಬರು ಅಣ್ಣತಮ್ಮಂದಿರು ಸ್ಕ್ರಾಬ್ಯುಲಸ್ ಅಂತ ಆನ್‌ಲೈನ್ ಆಟ ಮಾಡಿದಾಗ ಅಕ್ಷರ ಜೋಡಿಸಿ ಪದ ಕಟ್ಟುವ ಸ್ಕ್ರ್ಯಾಬಲ್ ಆಟದ ಹಕ್ಕುದಾರರಾದ ಮ್ಯಾಟೆಲ್ ಕಂಪನಿ ದೆಹಲಿ ಹೈಕೋರ್ಟಿಗೆ ಹೋಯಿತು. 2008ರ ತೀರ್ಪಿನಲ್ಲಿ ಕೋರ್ಟ್ ಆ ಹೆಸರನ್ನು ತಡೆಯಿತು. ಆಟದ ಮಣೆ ಮತ್ತು ನಿಯಮಗಳ ಮೇಲಿನ ಕಾಪಿರೈಟ್ ವಾದವನ್ನು ಒಪ್ಪಲಿಲ್ಲ. ಆಟ ಹೆಸರು ಬದಲಿಸಿಕೊಂಡು ಮುಂದುವರಿಯಿತು. ನಮ್ಮಲ್ಲೇ ನೋಡಿ, ಒಂದೂರಿನ ಚೌಕಾಬಾರ ಇನ್ನೊಂದೂರಿನಲ್ಲಿ ಕಟ್ಟೆಮನೆ. ಒಂದೇ ನಿಯಮಕ್ಕೆ ಅಲ್ಲೊಂದು ಇಲ್ಲೊಂದು ತಿರುವು ಕೊಡುತ್ತಾ ಆಟಗಳು ಬೆಳೆದಿವೆ. ಇನ್ನೊಂದು ಕಾರಣವೂ ಇದೆ. ಆಧಾರವಿಲ್ಲದೆ ಬೆದರಿಸಿದರೆ ಕಾಪಿರೈಟ್ ಕಾಯ್ದೆಯ 60ನೇ ಸೆಕ್ಷನ್ ಅಡಿ ಅವರೇ ನಿಮ್ಮ ಮೇಲೆ ದಾವೆ ಹೂಡಬಹುದು.

ಇನ್ನು 699ರ ಬಾಕ್ಸ್. ಮೊದಲು ಅದನ್ನು ಕೊಳ್ಳಿ. ಹೌದು, ದುಡ್ಡು ಕೊಟ್ಟು ಕೊಳ್ಳಿ. ಲಿಸ್ಟಿಂಗ್‌ನ ಪುಟ, ಮಾರುವವರ ಹೆಸರು, ದಿನಾಂಕ ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆಯಿರಿ. ಬಾಕ್ಸ್ ಬಂದಾಗ ಬಿಚ್ಚುವುದನ್ನು ಕಟ್ ಮಾಡದೆ ವಿಡಿಯೊ ಮಾಡಿ, ವಿಳಾಸದ ಚೀಟಿ ಕಾಣಲಿ. ಬಿಲ್ ಇಟ್ಟುಕೊಳ್ಳಿ, ಅದರಲ್ಲಿ ಜಿಎಸ್‌ಟಿ ನಂಬರ್ ಇದೆಯಾ ನೋಡಿ. ಒಳಗೆ ಬೇರೆಯದೇ ಆಟ ಇರಬಹುದು. ಫೋಟೋ ಮಾತ್ರ ಕದ್ದು, ಏನೋ ಒಂದು ಕಳಿಸಿ ದುಡ್ಡು ಹೊಡೆಯುವವರೂ ಇದ್ದಾರೆ. ನಿಮ್ಮದೇ ಆಟದ ನಕಲಿ ಆಗಿದ್ದರೆ ಅಸಲಿ ಪಕ್ಕ ಇಟ್ಟು ನೋಡಿ. ಕಾರ್ಡ್ ತೆಳ್ಳಗಿರುತ್ತದೆ, ಬೆಳಕಿಗೆ ಹಿಡಿದರೆ ಆಚೆ ಬದಿ ಕಾಣುತ್ತದೆ. ಸ್ಕ್ಯಾನ್ ಮಾಡಿದ ಚಿತ್ರದಲ್ಲಿ ಸಣ್ಣ ಚುಕ್ಕಿಗಳ ಅಲೆ ಏಳುತ್ತದೆ. ಟೋಕನ್ ಸರಿಯಾಗಿ ಕಿತ್ತುಬರುವುದಿಲ್ಲ. ಕನ್ನಡದ ಆಟಕ್ಕೆ ಇನ್ನೊಂದು ಪಕ್ಕಾ ಸುಳಿವಿದೆ. ನಿಯಮಪುಸ್ತಕವನ್ನು ಕನ್ನಡ ಬಾರದವರು ಮತ್ತೆ ಟೈಪ್ ಮಾಡಿದ್ದರೆ ಒತ್ತಕ್ಷರಗಳು ಒಡೆದಿರುತ್ತವೆ, ದೀರ್ಘ ಮಾಯವಾಗಿರುತ್ತದೆ. ಹಾಗಿಲ್ಲದೆ ಬಣ್ಣ, ಅಕ್ಷರ ಎಲ್ಲ ಅಚ್ಚುಕಟ್ಟಾಗಿದ್ದರೆ ನಿಮ್ಮ ಮೂಲ ಫೈಲ್ ಎಲ್ಲಿಂದಲೋ ಹೊರಗೆ ಹೋಗಿದೆ ಅಂತ ಅನುಮಾನ ಪಡಬೇಕು. ಪಿಡಿಎಫ್‌ನಿಂದಲೋ, ಫೈಲ್ ಕೈ ಬದಲಾಯಿಸಿದ ಇನ್ನೆಲ್ಲಿಂದಲೋ. ಮುಂದಿನ ಸಲ ಪ್ರೆಸ್‌ನವರ ಜೊತೆ ಒಪ್ಪಂದದಲ್ಲಿ, ಕೆಲಸ ಮುಗಿದ ಮೇಲೆ ಪ್ಲೇಟ್ ಮತ್ತು ಫೈಲ್‌ಗಳನ್ನು ಅಳಿಸಬೇಕು, ಹೆಚ್ಚುವರಿ ಪ್ರತಿ ತೆಗೆಯಬಾರದು ಅಂತ ಒಂದು ಸಾಲು ಸೇರಿಸಿ. ನಿಯಮಪುಸ್ತಕದ ಪುಟದ ಅಂಚಿನಲ್ಲಿ, ನಿಮಗೆ ಮಾತ್ರ ಗೊತ್ತಿರುವ ಒಂದೆರಡು ಸಣ್ಣ ಗುರುತುಗಳನ್ನೂ ಇಡಿ. ಪಿಡಿಎಫ್‌ಗೆ ಒಂದು ಗುರುತು, ಪ್ರೆಸ್‌ನ ಫೈಲ್‌ಗೆ ಇನ್ನೊಂದು. ಆಗ ಎಲ್ಲಿಂದ ಸೋರಿದೆ ಅಂತ ತಿಳಿಯುತ್ತದೆ.

ಇಷ್ಟು ಕೈಯಲ್ಲಿದ್ದರೆ ಮಾರಾಟ ತಾಣಕ್ಕೆ ಎರಡು ದೂರು ಕೊಡಿ. ಹಕ್ಕುದಾರರಾಗಿ ಒಂದು, ನಕಲಿ ಮಾಲು ಕೊಂಡ ಗ್ರಾಹಕರಾಗಿ ಇನ್ನೊಂದು. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಗ್ರಾಹಕರ ದೂರು ತಲುಪಿದೆ ಅಂತ 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು.

ಹಕ್ಕುದಾರರಾಗಿ ದೂರು ಕೊಡುವ ಮುಂಚೆ ನಿಮ್ಮ ಕಾಗದಪತ್ರಗಳು ಸರಿಯಿವೆಯಾ ನೋಡಿಕೊಳ್ಳಿ. ಎದುರಿನ ವಕೀಲರು ಮೊದಲು ಕೇಳುವುದು, ಚಿತ್ರಗಳ ಹಕ್ಕು ನಿಮ್ಮದೇ ಅನ್ನುವುದಕ್ಕೆ ಏನು ದಾಖಲೆ ಅಂತ. 90,000 ಕೊಟ್ಟ ಬ್ಯಾಂಕ್ ವಿವರ ಮಾತ್ರ ತೋರಿಸಿದರೆ ಸಾಲದು. ಹಕ್ಕು ವರ್ಗಾವಣೆ ಬರಹದಲ್ಲಿರಬೇಕು, ಕಲಾವಿದರ ಸಹಿ ಬೇಕು. ಅದರಲ್ಲಿ ಅವಧಿ ಬರೆಯದಿದ್ದರೆ ಕಾಯ್ದೆ 5 ವರ್ಷ ಅಂತ ಹಿಡಿಯುತ್ತದೆ. ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ ಅಂತ ಹಿಡಿಯುತ್ತದೆ. ವಾಟ್ಸ್‌ಆ್ಯಪ್ ಮಾತುಕತೆಯಲ್ಲೇ ಮುಗಿಸಿದ್ದರೆ ಈ ವಾರವೇ ಕಲಾವಿದರನ್ನು ಕಂಡು ಒಂದು ಒಪ್ಪಂದ ಮಾಡಿಕೊಳ್ಳಿ. ಮುಂದಿನ ಮುದ್ರಣದಲ್ಲಿ ಅವರಿಗೂ ಒಂದು ಪಾಲು ಇಟ್ಟರೆ ಇನ್ನೂ ಒಳ್ಳೆಯದು.

ನೋಂದಣಿ ಕಡ್ಡಾಯವಲ್ಲ, ಬರೆದ ಕ್ಷಣವೇ ಕಾಪಿರೈಟ್ ಹುಟ್ಟುತ್ತದೆ. ಆದರೂ ಮಾಡಿಸಿ. ಕೋರ್ಟಿನಲ್ಲಿ ನೋಂದಣಿ ಮೇಲ್ನೋಟದ ಸಾಕ್ಷ್ಯ, ಅಂದರೆ ಸುಳ್ಳು ಅಂತ ಎದುರಿನವರು ತೋರಿಸುವವರೆಗೆ ಅದನ್ನು ಒಪ್ಪುತ್ತಾರೆ. ಪೊಲೀಸರೂ, ಮಾರಾಟ ತಾಣಗಳೂ ಅದನ್ನೇ ಮೊದಲು ಕೇಳುತ್ತಾರೆ. ನಿಯಮಪುಸ್ತಕಕ್ಕೆ ಶುಲ್ಕ 500 ರೂಪಾಯಿ, ಸರಕಿನ ಮೇಲೆ ಬಳಸುವ ಚಿತ್ರಕ್ಕೆ 2,000. ಆಟದ ಹೆಸರಿಗೆ ಟ್ರೇಡ್‌ಮಾರ್ಕ್ ಅರ್ಜಿ ಆನ್‌ಲೈನ್‌ನಲ್ಲಿ ಹಾಕಿದರೆ ವ್ಯಕ್ತಿಗಳಿಗೆ ಸರಕಿನ ಒಂದು ವರ್ಗಕ್ಕೆ 4,500. ನಕಲಿ ಬಾಕ್ಸ್ ತೆಗೆಸುವಾಗ ಟ್ರೇಡ್‌ಮಾರ್ಕ್ ಕಾಪಿರೈಟ್‌ಗಿಂತ ಬೇಗ ಕೆಲಸ ಮಾಡುವುದನ್ನು ನೋಡಿದ್ದೇನೆ. ಹೆಸರು ಒಂದೇ ಇದೆಯಾ ಇಲ್ಲವಾ ಅಂತ ನೋಡುವುದು ಯಾರಿಗಾದರೂ ಸುಲಭ.

ಪೊಲೀಸರ ಹತ್ತಿರ ಹೋಗಬಹುದಾ? ಹೋಗಬಹುದು. ಕಾಪಿರೈಟ್ ಕಾಯ್ದೆಯ 63ನೇ ಸೆಕ್ಷನ್ ಅಡಿ 6 ತಿಂಗಳಿಂದ 3 ವರ್ಷ ಜೈಲು, 50,000ದಿಂದ 2 ಲಕ್ಷದವರೆಗೆ ದಂಡ. ಇದು ಸಂಜ್ಞೇಯ (ಕೋರ್ಟಿನ ಅನುಮತಿ ಇಲ್ಲದೆಯೇ ಪೊಲೀಸರು ತನಿಖೆ ಮಾಡಬಹುದಾದ), ಜಾಮೀನು ರಹಿತ ಅಪರಾಧ ಅಂತ ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ಹೇಳಿದೆ. ಹಾಗಾಗಿ ಎಫ್‌ಐಆರ್ ಆಗಬೇಕು. ಆದರೆ ಕ್ರಿಮಿನಲ್ ಕೇಸು ಒಮ್ಮೆ ಶುರುವಾದರೆ ಅದರ ಓಟ ನಿಮ್ಮ ಕೈಯಲ್ಲಿರುವುದಿಲ್ಲ. ವರ್ಷಗಟ್ಟಲೆ ಸಾಕ್ಷಿ ಹೇಳಲು ಅಲೆಯಬೇಕಾಗುತ್ತದೆ, ನಿಮಗೆ ಪರಿಹಾರದ ದುಡ್ಡು ಬರುವುದು ಅದರಿಂದಲ್ಲ. ದೊಡ್ಡ ಪ್ರಮಾಣದಲ್ಲಿ ನಕಲಿ ಬಾಕ್ಸ್ ಇಟ್ಟಿರುವ ಗೋದಾಮಿನ ವಿಳಾಸ ಸಿಕ್ಕರೆ ಪೊಲೀಸರ ದಾರಿ ಸರಿ, ಮಾಲು ಜಪ್ತಿ ಮಾಡುವ ಅಧಿಕಾರ ಅವರಿಗಿದೆ. ಗೂಂಡಾ ಕಾಯ್ದೆಯ ಮಾತು ಹುಟ್ಟಿದ್ದಕ್ಕೂ ಒಂದು ಕಾರಣ ಇದೆ. 2014ರಲ್ಲಿ ಕರ್ನಾಟಕ ಆ ಕಾಯ್ದೆಗೆ ಡಿಜಿಟಲ್ ಅಪರಾಧಿಗಳನ್ನೂ ಸೇರಿಸಿತು. ಆದರೆ ಅದು ವಿಚಾರಣೆಗೆ ಮೊದಲೇ ಬಂಧನದಲ್ಲಿಡುವ ಕಾಯ್ದೆ, ಸಾರ್ವಜನಿಕ ಶಾಂತಿಗೆ ಅಪಾಯ ಅನ್ನುವಂಥವರಿಗೆ. ಪಿಡಿಎಫ್ ಹಂಚಿದ ಹುಡುಗನ ಮೇಲೆ ಅದನ್ನು ಹಾಕಿಸುವ ಮಾತು ಆಡಲೂ ಬಾರದು ಅನ್ನುವುದು ನನ್ನ ಖಚಿತ ನಿಲುವು.

ಸಿವಿಲ್ ದಾರಿಯಲ್ಲಿ ನಿಮಗೊಂದು ಅನುಕೂಲ ಇದೆ. 62ನೇ ಸೆಕ್ಷನ್ ಪ್ರಕಾರ ನೀವು ವಾಸಿಸುವ, ವ್ಯವಹಾರ ಮಾಡುವ ಊರಿನಲ್ಲೇ ಕಾಪಿರೈಟ್ ದಾವೆ ಹೂಡಬಹುದು. ಮಾರುವವನು ಬೇರೆ ರಾಜ್ಯದಲ್ಲಿದ್ದರೂ ಕೇಸು ಬೆಂಗಳೂರಿನಲ್ಲಿ ನಡೆಯಬಹುದು. ತಡೆಯಾಜ್ಞೆ ಸಿಕ್ಕರೆ ಅದೇ ದೊಡ್ಡ ಗೆಲುವು. ಖರ್ಚು ಮಾತ್ರ ನಿಮ್ಮ 41,500ರ ಲಾಭವನ್ನು ಸುಲಭವಾಗಿ ಮೀರುತ್ತದೆ. ಆದ್ದರಿಂದ ಮೊದಲನೇ ಸಲಕ್ಕೇ ಅಲ್ಲಿಗೆ ಹೋಗಬೇಡಿ. ದೂರು ಕೊಟ್ಟು ಲಿಸ್ಟಿಂಗ್ ತೆಗೆಸಿ. ಹೊಸ ಹೆಸರಿನಲ್ಲಿ ಬಂದರೆ ಮತ್ತೆ ಕೊಂಡು, ಮತ್ತೆ ತೆಗೆಸಿ, ಬಿಲ್‌ಗಳನ್ನು ಒಂದೇ ಫೈಲಿನಲ್ಲಿಡಿ. ಬೇರೆ ಬೇರೆ ಹೆಸರಿನ ಬಿಲ್‌ಗಳಲ್ಲಿ ಅದೇ ಜಿಎಸ್‌ಟಿ ನಂಬರ್ ಅಥವಾ ಅದೇ ವಾಪಸಾತಿ ವಿಳಾಸ ಎರಡನೇ ಸಲ ಕಂಡರೆ, ಆ ಫೈಲ್ ಮತ್ತು ಕಲಾವಿದರ ಒಪ್ಪಂದ ಹಿಡಿದು ವಕೀಲರ ಹತ್ತಿರ ಹೋಗಿ.